ಷರಾ

ಅರ್ಜಿಯಲ್ಲಿ ಹನ್ನೊಂದು ಸಹಿ, ಎರಡು ಹೆಬ್ಬೆಟ್ಟು.
'ಬಿದರಕೊಪ್ಪಲಿನ ನಾಲೆ ಏರಿಯ ಮೇಲೆ
ಹೆಸರು ಗೊತ್ತಿಲ್ಲದ ಒಂದು ಪ್ರಾಣಿ
ಹೊಟ್ಟೆ ಎಳೆದುಕೊಂಡು ಓಡಾಡುತ್ತಿದ್ದು
ತಾವು ದಯಮಾಡಿ ಹಿಡಿಯಬೇಕಾಗಿ.'
ಹಿಡಿಯಲು ಬಂದವನು ನಾನು, ದಿನಗೂಲಿ ವಾಚರು.
ಬ್ಯಾಟರಿ ಒಂದು, ಟೇಪು ಒಂದು, ಬೋನು ಒಂದು,
ಬೋನಿನೊಳಗೆ ಇಲಾಖೆ ಲೆಕ್ಕದ ಕೋಳಿ.

ಮೊದಲು ಕಂಡವಳು ಜವರಮ್ಮ.
'ಉಡ ನಾ ಕಾಣ್ದೋಳಾ ಬುದ್ಧಿ?
ಉಡದ ತೊಗಲಲ್ಲೇ ನಮ್ಮಪ್ಪ ಕಂಜಿರ ಕಟ್ಟೋನು.
ಇದು ಉಡ ಅಲ್ಲ. ಇದ್ಕೆ ಕುತ್ತಿಗೆ ಇತ್ತು.'
ಉಡಕ್ಕೂ ಇರುತ್ತಲ್ಲಮ್ಮ ಕುತ್ತಿಗೆ?
'ಇರ್ತದೆ. ಇದು ತಿರುಗಿ ನೋಡ್ತು.'

ಕಬ್ಬಿನ ಲೋಡಿನ ಮರಿಮಾದ ಹೇಳಿದ:
ಈ ಏರಿಯ ಮೇಲೆ ತಲೆ, ಆ ಏರಿಯ ಮೇಲೆ ಬಾಲ,
ಟ್ರ್ಯಾಕ್ಟರ್ ಲೈಟಲ್ಲಿ ಕಣ್ಣಾರೆ.
ನಡುವೆ?
'ನಡುವೆ ಕತ್ಲು ಸಾರ್.'

ಆಲೆಮನೆಯ ಶಿವಪೂಜನ್
ನಮ್ಮ ಕಡೆ ಇದನ್ನು ಗೋಹ್ ಅಂತಾರೆ ಅಂದ.
ಎಷ್ಟು ಉದ್ದ ಎಂದು ತೋರಿಸಲು ಹೋದ,
ಪಾಕ ಏರುತ್ತಿತ್ತು, ಸೌಟು ಬಿಡುವಂತಿಲ್ಲ,
ಒಂದೇ ಕೈಯಲ್ಲಿ ಅಳತೆ ಅಲ್ಲಿಗೇ ನಿಂತಿತು.

ಐದನೇ ಕ್ಲಾಸಿನ ಪೃಥ್ವಿ
ಶಾಲೆಯ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದಳು.
ಆರು ಕಾಲು.
ಆರು ಯಾಕಮ್ಮ?
'ಓಡ್ತಾ ಇತ್ತಲ್ಲ.'

ನನ್ನ ಪುಸ್ತಕದಲ್ಲಿ ಕಾಲಂಗಳಿವೆ.
ಬಣ್ಣ: ಸೀದ ಬೆಲ್ಲ, ಹಸಿ ಕೆಸರು,
ಬೆಳ್ದಿಂಗ್ಳಲ್ಲಿ ಬಣ್ಣ ಎಲ್ಲಿ ಬತ್ತದೆ ಸಾರ್.
ಉದ್ದ: ಮೂರು ಮೊಳದಿಂದ ಮೂವತ್ತು ಅಡಿ.
ಜಾತಿ: ಖಾಲಿ.
ಷರಾ: ಖಾಲಿ.

ಮೂರು ರಾತ್ರಿ ತೂಬಿನ ಕಲ್ಲಿನ ಮೇಲೆ ಕೂತೆ.
ಏಳು ಗಂಟೆಗೇ ಊರೆಲ್ಲ ಅಗುಳಿ ಹಾಕಿಕೊಳ್ಳುತ್ತಿತ್ತು,
ನಾಯಿಗಳೂ ಒಳಗೆ.
ಮೂರನೇ ಬೆಳಗ್ಗೆ ಕೋಳಿ ಒಂದು ಮೊಟ್ಟೆ ಇಟ್ಟಿತ್ತು.
ಅದು ಇಲಾಖೆಯದೋ ನನ್ನದೋ
ಕೇಳಲು ಅಲ್ಲಿ ಯಾರಿದ್ದರು,
ಜವರಮ್ಮನ ಒಲೆಯಲ್ಲಿ ಬೇಯಿಸಿಕೊಂಡು ತಿಂದೆ.

ನಾಲ್ಕನೇ ರಾತ್ರಿ ಸದ್ದು ಬಂತು.
ಎದೆ ಹಿಡಿದುಕೊಂಡು ಸದ್ದಿನ ಹಿಂದೆ ನಡೆದೆ,
ಬಿದರಕೊಪ್ಪಲು ದಾಟಿ, ಕಬ್ಬು ದಾಟಿ,
ನಾಲೆ ತೆಳ್ಳಗಾಗಿ ಕಾಲುವೆ, ಕಾಲುವೆ ತೆಳ್ಳಗಾಗಿ ಗೆರೆ,
ಗೆರೆಯ ಕೊನೆಗೆ ಕೆಳಗಲಹುಂಡಿ.
ನೀರು.
ಗದ್ದೆಯಲ್ಲಿ ಮೀನಖಂಡ ಮುಳುಗಿಸಿಕೊಂಡು
ಸುಮ್ಮನೆ ನಿಂತಿದ್ದ ಚಿಕ್ಕಮೊಗ್ಗಣ್ಣ.
ಗುದ್ದಲಿ ಹೆಗಲ ಮೇಲೇ ಇತ್ತು,
ತಿರುಗಿಸಲು ಮರೆತವನಂತೆ.

'ಹದ್ನೆಂಟು ವರ್ಸ ಆಯ್ತು ಕಣಪ್ಪ,
ಸರದಿ ನೀರು ಸರದಿ ದಿನ ಬಂದು.
ಮೇಲೂರೋರು ರಾತ್ರಿ ಹಾರೆ ತಕ್ಕೊಂಡು
ತೂಬು ಮೀಟ್ತಿದ್ರು.
ಈಗ ಯಾರೂ ಏರಿ ಮ್ಯಾಕೆ ಬರಾಕಿಲ್ಲ.'
ನೀನು ಕಂಡೆಯಾ ಅದನ್ನ?
'ನಮ್ಗೆಲ್ಲಿ ಕಂಡಾತು' ಅಂದ,
'ಅದೂ ಮೇಲೇ ತಿರುಗ್ತದೆ.'

ಅರ್ಜಿ ತೆಗೆದು ಬ್ಯಾಟರಿ ಬಿಟ್ಟೆ.
ಹನ್ನೊಂದು ಸಹಿ, ಎರಡು ಹೆಬ್ಬೆಟ್ಟು,
ಕೆಳಗಲಹುಂಡಿಯದು ಒಂದೂ ಇಲ್ಲ.

ವಾಪಸು ಬರುವಾಗ ಬೆಳಕು ಹರಿಯುತ್ತಿತ್ತು.
ತೂಬಿನ ಬಾಯಲ್ಲಿ ಹಸಿ ಮಣ್ಣಿನ ಮೇಲೆ
ಎಳೆದುಹೋದ ಬಾಲದ ಗೀಟು,
ಅಕ್ಕಪಕ್ಕ ಹೆಜ್ಜೆ, ಐದೈದು ಉಗುರು.
ಒಂದರ ಮೇಲೆ ಅಂಗೈ ಇಟ್ಟೆ.
ಅಂಗೈ ಸಾಲಲಿಲ್ಲ.
ಟೇಪು ಚೀಲದಲ್ಲೇ ಇತ್ತು.
ನೀರು ಬೆರಳ ಸಂದಿಗೆ ಬಂತು, ಉಗುರುಗಳಿಗೆ ಬಂತು,
ಗೀಟು ಒಂದೆರಡು ಗಳಿಗೆ ನೀರೊಳಗೂ ಕಾಣುತ್ತಿತ್ತು,
ಆಮೇಲೆ ಇಲ್ಲ.

ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಬರೆದೆ:
'ಪ್ರಾಣಿ ಇರುವುದು ಸಂಭವ.
ಕೊಯ್ಲು ಮುಗಿಯುವ ತನಕ ರಾತ್ರಿ ವೇಳೆ
ಯಾರೂ ನಾಲೆಯ ಕಡೆ ಸುಳಿಯಕೂಡದು.'
ಓದಿ ನೋಡಿ
'ಒಂದಕ್ಕಿಂತ ಹೆಚ್ಚಿದ್ದರೂ ಇರಬಹುದು' ಎಂದು ಸೇರಿಸಿದೆ.

ಬೋನಿನೊಳಗಿಂದ ಕೋಳಿ
ಕುತ್ತಿಗೆ ತಿರುಗಿಸಿ ನೋಡುತ್ತಿತ್ತು,
ನನ್ನನ್ನಲ್ಲ, ನನ್ನ ಹಿಂದೆ.