ಸದಸ್ಯತ್ವದ ಅರ್ಜಿ

ವರ್ಷಕ್ಕೆ ಎರಡು ಸಾವಿರದ ನಾನೂರು.
ತಿಂಗಳಿಗೆ ಇನ್ನೂರು, ಅಂದರೆ
ಪುಟ್ಟಲಕ್ಷ್ಮಿಯ ಬಿ.ಪಿ. ಮಾತ್ರೆ, ಹದಿನೈದು ದಿನದ್ದು.
ನೀರಿನ ಮೀಟರು ಓದುವವನ ತಲೆ ಇದು,
ಮೊದಲು ಅಂಕಿ ಬೀಳುತ್ತದೆ, ಆಮೇಲೆ ಆಸೆ.

ಲಿಂಗರಾಜಪುರದ ಬಾಡಿಗೆ ಮನೆಯ ತಾರಸಿಯಲ್ಲಿ
ರಾಗಿ ಮೊಳಕೆ ಕಟ್ಟಿ, ಹಳೇ ಪಂಚೆಯ ಮೇಲೆ ಹರವಿ,
ಪಾರಿವಾಳ ಓಡಿಸಿ, ಒಣಗಿಸಿ, ಬೀಸಿ, ಕುದಿಸಿ, ಆರಿಸಿ
ಮೆಟ್ಟಿಲ ಕೆಳಗಿನ ಕತ್ತಲಿಗೆ ಇಳಿಸುತ್ತೇನೆ.
ಎರಡನೇ ರಾತ್ರಿ ಬಕೆಟ್ಟು ಬಾಯಿ ಬಿಡುತ್ತದೆ: ಗುಳುಕ್.
ಸ್ವಲ್ಪ ಯೋಚಿಸಿ, ಮತ್ತೆ ಗುಳುಕ್.
ಇಡೀ ಮನೆಯಲ್ಲಿ ಅದೊಂದೇ
ನನ್ನ ಜೊತೆ ಎಚ್ಚರ ಇರೋದು.

ಆರು ವರ್ಷ. ಇಪ್ಪತ್ತೊಂದು ಬಕೆಟ್ಟು.
ಚೆನ್ನಾಗಿದೆಯೋ ಇಲ್ಲವೋ, ಹೇಳಿದವರಿಲ್ಲ.
ಪುಟ್ಟಲಕ್ಷ್ಮಿ ಮೂಸಿ ನೋಡಿ
"ಇದಕ್ಕಿಂತ ನನ್ನ ದೋಸೆ ಹಿಟ್ಟು ವಾಸಿ" ಅಂತಾಳೆ.
ಭಾವಮೈದ ಕುಡಿಯುತ್ತಾನೆ, ಆದರೆ ಅವನು
ಕೆಮ್ಮಿನ ಸಿರಪ್ಪನ್ನೂ ಹೊಗಳಿಕೊಂಡೇ ಕುಡಿಯುವವನು.

ಎರಡನೇ ಭಾನುವಾರ, ಕಾಕ್ಸ್ ಟೌನಿನ ಒಂದು ಗ್ಯಾರೇಜು,
ಅರ್ಧ ಎಳೆದ ಶಟರಿನಡಿ ಬಗ್ಗಿ ಒಳಗೆ ಹೋದೆ.
ಹನ್ನೊಂದು ಜನ. ಫಳಫಳ ಸ್ಟೀಲ್ ಡ್ರಮ್ಮು.
ಒಬ್ಬ ತನ್ನ ಯೀಸ್ಟಿನ ಮೂಲ ಹೇಳುತ್ತಿದ್ದ,
ಹೆಣ್ಣು ನೋಡಲು ಹೋದವರು ಗೋತ್ರ ಹೇಳುವ ಹಾಗೆ.
ನನ್ನದು ವಿನೆಗರ್ ಬಾಟಲಿಯಲ್ಲಿತ್ತು,
ಬಾಟಲಿ ರೇಷನ್ ಚೀಲದಲ್ಲಿ, ಚೀಲ ಕುರ್ಚಿಯ ಕೆಳಗೆ.

ಕಾರ್ಯದರ್ಶಿ ಆನ್ಸೆಲ್ಮ್ ಲೋಬೊ ತಾನೇ ಬಗ್ಗಿ ಎತ್ತಿಕೊಂಡರು.
ಸುರಿದು, ಬೆಳಕಿಗೆ ಹಿಡಿದು, ಒಂದು ಗುಟುಕು.
ಕಣ್ಣು ಮುಚ್ಚಿದರು. ತೆಗೆದರು.
"ಒದ್ದೆ ರಟ್ಟಿನ ವಾಸನೆ.
ಮುಚ್ಚಳ ತೆಗೆದು ತೆಗೆದು ನೋಡ್ತೀರಿ, ಅಲ್ವಾ?"
ಐವತ್ತಕ್ಕೆ ಹತ್ತೊಂಬತ್ತು ಅಂತ ಚೀಟಿಯಲ್ಲಿ ಬರೆದರು.
ಕಿವಿ ಕಾದವು. ಎದ್ದು ಹೊರಡಬೇಕು ಅನ್ನುವಷ್ಟರಲ್ಲಿ
ನೋಡುತ್ತೇನೆ, ಲೋಟ ಖಾಲಿ.
ಉಗುಳದೆ, ನಗದೆ, ಪೂರ್ತಿ ಕುಡಿದೇ ಹೇಳಿದ್ದು.

ಆಮೇಲೆ ನೀರಿನ ಮಾತು ಬಂತು.
ಪುಸ್ತಕದಲ್ಲಿ ಯಾವುದೋ ದೇಶದ ಯಾವುದೋ ಊರಿನ ನೀರು.
ಬಾಯಿ ತಡೆಯಲಿಲ್ಲ ನನಗೆ:
ಈ ರಸ್ತೆಗೆ ಕಾವೇರಿ ಮಂಗಳವಾರ, ಶುಕ್ರವಾರ.
ಮಿಕ್ಕ ದಿನ ಸಂಪಿಗೆ ಬೀಳೋದು ಮೂಲೆಮನೆ ಬೋರಿನದು,
ಕುಕ್ಕರಿನ ತಳ ನೋಡಿ, ಬಿಳೀ ಪದರ ಕಟ್ಟಿರುತ್ತೆ.
ಚರ್ಚಿನ ಹಿಂದಿನ ಓಣಿಯಲ್ಲಂತೂ
ಬೇಳೆಯೇ ಬೇಯಲ್ಲ, ನಿಮ್ಮ ಬಾರ್ಲಿ ಏನು ಮಾಡೀತು?
ಲೋಟಗಳು ಕೆಳಗಿಳಿದವು.
ಮೃಣಾಲಿನಿ ಅಂತ ಒಬ್ಬಳು ನೋಟ್‌ಬುಕ್ ತೆಗೆದಳು:
"ಸ್ವಲ್ಪ ನಿಧಾನ ಹೇಳಿ ಸರ್."
ಇಪ್ಪತ್ತಾರು ವರ್ಷ ಗೇಟಿನಾಚೆ ನಿಂತು
"ಅಮ್ಮಾ, ನೀರಿನವನು" ಎಂದು ಕೂಗಿಸಿಕೊಂಡವನು ನಾನು.
ಯಾರೋ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದರು.

ಆದರೂ.
ಬೀದಿ ಬೀದಿಯ ನೀರು ಒಂದೇ ಸಲಕ್ಕೆ ಹೇಳಿ ಮುಗಿಸಿದೆನಲ್ಲ,
ಮುಂದಿನ ಭಾನುವಾರ ಏನು ಕೊಡಲಿ?
ಇನ್ನು ಮೇಲೆ ರಾತ್ರಿ ಗುಳುಕ್ ಅಂದಾಗ
ಎಷ್ಟು ಅಂಕ, ಎಷ್ಟು ಅಂಕ ಅಂತ ಕೇಳಿಸಿದರೆ?

ಅರ್ಜಿ ಫ್ರಿಜ್ಜಿನ ಮೇಲೆ, ಉಪ್ಪಿನ ಡಬ್ಬಿಯ ಕೆಳಗೆ.
ಪುಟ್ಟಲಕ್ಷ್ಮಿ ಕನ್ನಡಕ ಹಾಕಿ ಓದಿದಳು.
"ಹೆಂಗಸರೂ ಬರ್ತಾರಾ?"
ಬರ್ತಾರೆ.
"ಕುಡಿಯೋಕಾ?"
ಮಾಡೋಕೆ.
ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.
ರಾಗಿ ನೆನೆಹಾಕಿದ ಪಾತ್ರೆಗೆ ಕೈಯಿಟ್ಟು
"ಇದು ಇವತ್ತು ಕಾವೇರಿಯಾ?" ಅಂದಳು.

ಇಪ್ಪತ್ತೆರಡನೆಯದು, ಎರಡನೇ ರಾತ್ರಿ.
ಮೆಟ್ಟಿಲ ಮೇಲೆ ಕೂತಿದ್ದೇನೆ.
ಕೈ ಮುಚ್ಚಳದವರೆಗೂ ಹೋಯಿತು.
ವಾಪಸ್ ಬಂತು.
ಗುಳುಕ್.
ಎರಡು ಕಂತಿನಲ್ಲಿ ಕಟ್ಟಬಹುದಾ ಅಂತ
ಲೋಬೊ ಅವರನ್ನು ಕೇಳಬೇಕು.