ಟೆನ್ಶನ್ ತಿರುಪು

ಮೇ ತಿಂಗಳು, ಬಳ್ಳಾರಿ, ಕೌಲ್ ಬಜಾರಿನ ತಗಡಿನ ಶೆಡ್ಡು.
ಹದಿನಾಲ್ಕು ಮಶೀನು, ಎರಡು ಫ್ಯಾನು,
ಎಲ್ಲರ ರವಿಕೆ ಬೆನ್ನಿಗೆ ಅಂಟಿದ ಹೊತ್ತಿನಲ್ಲಿ
ನಾನೊಬ್ಬಳು ಸೆರಗು ಕಿವಿಗೆ ಸುತ್ತಿಕೊಂಡು
'ಫ್ಯಾನು ಸ್ವಲ್ಪ ಆ ಕಡೆ ತಿರುಗಿಸ್ರೇ' ಅಂದೆ.
ಮಾಬುನ್ನಿ ಹಲ್ಲಲ್ಲಿದ್ದ ದಾರ ಕಡಿಯದೆ ನನ್ನನ್ನೇ ನೋಡಿದಳು.
'ಹುಲಿಗೆಮ್ಮ, ನಿಂಗೇನೋ ಆಗೈತೆ.'

ಆಗಿತ್ತು.
ಗಂಟೆಗೆ ನಲವತ್ತು ಜೇಬು ಹೊಲಿಯುತ್ತಿದ್ದ ಕೈ ಇಪ್ಪತ್ತಕ್ಕೆ ಇಳಿದಿತ್ತು.
ಬಾಚಣಿಗೆಯಲ್ಲಿ ದಿನಾ ಒಂದು ಬಾಬಿನ್ನು ತುಂಬುವಷ್ಟು ಕೂದಲು.
ಹಬ್ಬದ ರವಿಕೆಯ ಹೊಲಿಗೆ ಎರಡು ಸಲ ಬಿಚ್ಚಿ
ಒಳಗೆ ಮಡಚಿಟ್ಟ ಬಟ್ಟೆಯೂ ಮುಗಿದಿತ್ತು.

ಡಾಕ್ಟರಮ್ಮ ಕೊರಳು ಮುಟ್ಟಿ 'ನುಂಗಮ್ಮಾ' ಅಂದರು. ನುಂಗಿದೆ.
ಏನನ್ನು ಅಂತ ಕೇಳಲಿಲ್ಲ, ಅಭ್ಯಾಸ.
ರಕ್ತ ಹೋಯಿತು, ಕಾಗದ ಬಂತು: ಟಿಎಸ್‌ಎಚ್ ಮೂವತ್ತೆಂಟು.
'ಜಾಸ್ತಿ ಐತಲ್ಲ, ಒಳ್ಳೇದಲ್ಲೇನ್ರೀ?'
ನಕ್ಕರು. ಅದು ಕೆಲಸದ ಲೆಕ್ಕ ಅಲ್ಲವಂತೆ,
ತಲೆಯೊಳಗಿಂದ ಕೊರಳಿಗೆ ಹಾಕುವ ಕೂಗಂತೆ.
ಅಷ್ಟು ಹೇಳಿದ್ದೇ ಸಾಕು.
ನಮ್ಮ ಮೇಸ್ತ್ರಿಯೂ ಹಾಗೇ,
ಪೀಸು ಇಳಿದಷ್ಟೂ ಅವನ ಗಂಟಲು ಏರುತ್ತದೆ;
ಕೆಲಸ ಸರಿಯಾಗಿ ನಡೆದ ದಿನ ಹೊರಗೆ ನಿಂತು ಬೀಡಿ ಸೇದುತ್ತಾನೆ.

ಮೊದಲು ಐವತ್ತು. ಕಾಲರಿನ ಗುಂಡಿಯಷ್ಟೇ ಬಿಳಿ ಗುಳಿಗೆ.
ಗ್ರಾಮಲ್ಲ, ಮಿಲಿಗ್ರಾಮಲ್ಲ, ಅದರ ಸಾವಿರದ ಪಾಲಿನಲ್ಲಿ ಐವತ್ತು.
ಅಷ್ಟು ತೂಗುವ ತಕ್ಕಡಿ ಬ್ರೂಸ್‌ಪೇಟೆಯ ಯಾವ ಅಕ್ಕಸಾಲಿಯ ಹತ್ತಿರವೂ ಇಲ್ಲ.
ಮುಂಜಾನೆ, ಖಾಲಿ ಹೊಟ್ಟೆ, ಬರೀ ನೀರು. ಒಂದು ತಾಸು ಚಾ ಇಲ್ಲ.
ರಕ್ತ ಕಡಿಮೆ ಅಂತ ಕೊಟ್ಟ ಕಬ್ಬಿಣದ ಮಾತ್ರೆ
ಇದರಿಂದ ನಾಲ್ಕು ತಾಸು ದೂರ ಇರಲಿ ಅಂದರು.
ಬಳ್ಳಾರಿಯಲ್ಲಿ, ತಾಯೀ, ಕಬ್ಬಿಣದಿಂದ ನಾಲ್ಕು ತಾಸು ದೂರ?
ಒಣಗಿದ ಸೀರೆ ಒದರಿದರೆ ಅದಿರು ಉದುರುವ ಊರಲ್ಲಿ?

ಆಮೇಲೆ ಎಪ್ಪತ್ತೈದು. ಆಮೇಲೆ ನೂರು.

ನೂರಕ್ಕೆ ಎದೆ ಓಡಿತು,
ಕಾಲು ತೆಗೆದರೂ ನಿಲ್ಲದ ಮಶೀನಿನ ಹಾಗೆ.
ರಾತ್ರಿ ಎರಡಕ್ಕೆ ಎದ್ದು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.
ಬೆರಳು ನಡುಗಿ, ಸೂಜಿ ಗೆರೆ ತಪ್ಪಿ
ಒಂದು ಡಜನ್ ಪ್ಯಾಂಟು ವಾಪಸ್ ಬಂತು.
'ಟೆನ್ಶನ್ ತಗೋಬ್ಯಾಡ' ಅಂದ ಮೇಸ್ತ್ರಿ.
ಟೆನ್ಶನ್ ನನಗೆ ಗೊತ್ತಿಲ್ಲವೇ?
ಸೂಜಿಯ ಮೇಲಿರುವ ಆ ಪುಟ್ಟ ತಿರುಪು,
ಬಿಗಿಯಾದರೆ ದಾರ ಪಟ್ಟನೆ ಹರಿಯುತ್ತದೆ,
ಸಡಿಲಾದರೆ ಬಟ್ಟೆಯಡಿ ಗುಬ್ಬಿಗೂಡು.
ಕಾಲು ಸುತ್ತು ತಿರುಗಿಸಿ, ಚೂರುಬಟ್ಟೆಯ ಮೇಲೆ ಓಡಿಸಿ ನೋಡಿ,
ಮತ್ತೆ ಕೂದಲೆಳೆಯಷ್ಟು ಹಿಂದಕ್ಕೆ.
ಮೈಗೆ ಚೂರುಬಟ್ಟೆ ಎಲ್ಲಿಂದ ತರಲಿ?
ಇದ್ದ ಒಂದೇ ಥಾನಿನ ಮೇಲೆ ಹೊಲಿದು ನೋಡಬೇಕು.
ಹೊಲಿಗೆ ಕಣ್ಣಿಗೆ ಬೀಳಲು ಆರು ವಾರ.

ಈಗ ಸೋಮವಾರದಿಂದ ಶುಕ್ರವಾರ ಎಪ್ಪತ್ತೈದು,
ಶನಿವಾರ, ಭಾನುವಾರ ನೂರು.
ಕ್ಯಾಲೆಂಡರಿನ ಆ ಎರಡು ಮನೆಗೆ
ಜೀನ್ಸಿನ ಹಳದಿ ದಾರದ ತುಣುಕು ಅಂಟಿಸಿದ್ದೇನೆ.

ಮಾತ್ರೆಗೂ ಚಾಕ್ಕೂ ನಡುವಿನ ತಾಸಿನಲ್ಲಿ ಮೆಟ್ಟಿಲ ಮೇಲೆ ಕೂರುತ್ತೇನೆ.
ಕೋಟೆಗುಡ್ಡ ಕಪ್ಪಿನಿಂದ ಕಂದಿಗೆ ಬರುತ್ತದೆ.
ಕೆಲವು ದಿನ ಅವ್ವ ಬರುತ್ತಾಳೆ.
ಕಂಪ್ಲಿಯ ಹಿತ್ತಲಲ್ಲಿ ಬಿರುಬಿಸಿಲಿಗೆ ಕಂಬಳಿ ಹೊದ್ದು ಕೂತವಳು,
ಮೈಗಳ್ಳಿ ಅಂತ ಅತ್ತೆಯಿಂದ ಹೆಸರು ಪಡೆದವಳು,
ಕೊರಳ ಬಾವಿಗೆ ಕರೀದಾರ ಕಟ್ಟಿಸಿಕೊಂಡು
ಅದು ಬಿಗಿದಾಗೆಲ್ಲ ಗಂಟು ಬಿಚ್ಚಿ
ಒಂದು ಬೆರಳು ಸಡಿಲ ಮಾಡಿಕೊಂಡವಳು.
ಅವಳ ಪಾಲಿನ ಡೋಸು ಅಷ್ಟೇ.

ಒಳಗಿಂದ ಕೂಗು: 'ಚಾ ಆಯ್ತೇನ?'
'ಇನ್ನಾ ಹನ್ನೆರಡು ನಿಮಿಷ ಐತೆ.'
ಹತ್ತೊಂಬತ್ತು ವರ್ಷದಲ್ಲಿ ಈ ಮನೆ ನನ್ನ ಗಡಿಯಾರಕ್ಕೆ ಕಾದದ್ದು ಈಗಲೇ.

ಗುರುವಾರ ಮತ್ತೆ ರಕ್ತ ಕೊಡಬೇಕು.
ಏನು ಬರುತ್ತದೋ.
ನಿನ್ನೆ ಮಧ್ಯಾಹ್ನ ಸೊಂಟಪಟ್ಟಿ ಕೂರಿಸುವಾಗ
ಕುತ್ತಿಗೆಯ ಹಿಂದೆ ಒಂದು ಹನಿ ಬೆವರು ಇಳಿಯಿತು.
ಒರೆಸಲಿಲ್ಲ.
ಎಲ್ಲಿಯವರೆಗೆ ಹೋಗುತ್ತದೋ ಹೋಗಲಿ ಅಂತ ಬಿಟ್ಟೆ.