ತೊಗಲಿನಲ್ಲೊಂದು ತೂತು

ನನಗೆ ಓದು ಬಾರದು. ಮೊದಲೇ ಹೇಳಿಬಿಡುತ್ತೇನೆ.
ತೊಗಲು ಹದಮಾಡುವವನು ನಾನು, ಆಹುಮಯ್.
ಯೆರೂಸಲೇಮಿನ ತಿಪ್ಪೆಬಾಗಿಲಿನಾಚೆ
ಗಾಳಿ ಊರ ಕಡೆ ಬೀಸದ ಮಗ್ಗುಲಲ್ಲಿ
ನನ್ನ ಉಪ್ಪಿನ ಗುಂಡಿ, ಮಾಚಿಕಾಯಿಯ ಬಾನಿ.

ಆ ವರ್ಷ ಬಡಗಣ ರಾಜ್ಯ ಬಿತ್ತು.
ಸಮಾರ್ಯದಿಂದ ಓಡಿಬಂದವರು ಇಳಿಜಾರಿನ ತುಂಬ.
ಬೋಗುಣಿ ಹೊತ್ತವರು, ಕುಂಟು ಕುರಿ ಎಳೆದವರು,
ಒಬ್ಬನಂತೂ ಬರಿಯ ಬಾಗಿಲ ಹಲಗೆ ಹೊತ್ತು ತಂದಿದ್ದ.
ಹೊಗ್ಲಾ ಏನೂ ತಂದಿರಲಿಲ್ಲ.
ಕವುಜುಗದ ಹೆಸರಿನವಳು, ಕವುಜುಗದಂತೆಯೇ ಗುಂಡು ಮುದುಕಿ,
ಅಲ್ಲಿ ಊರಬಾಗಿಲಲ್ಲಿ ಈರುಳ್ಳಿ ಮಾರಿದವಳು.
ಪಕ್ಕದಲ್ಲೇ ನಿಂತು ಒಬ್ಬ ಕೂಗುತ್ತಿದ್ದನಂತೆ
ಹನ್ನೊಂದು ವರ್ಷ.
ಎತ್ತಿನ ಮೂಗುದಾರ ಹೊಸೆಯುವವನು,
ಯಾವ ಪ್ರವಾದಿಯ ಮಗನೂ ಅಲ್ಲ, ಶಿಷ್ಯನೂ ಅಲ್ಲ.
"ಗಿರಾಕಿ ಹತ್ತಿರ ಸುಳಿಯದಂತೆ ಮಾಡಿದ, ಹಾಳಾದವನು.
ದಿನಾ ಬೈದೆ. ಬೈಯುತ್ತ ಬೈಯುತ್ತ
ಅವನದೆಲ್ಲ ನನಗೆ ಬಾಯಿಪಾಠವಾಯಿತು."

ಈಗ ಅವನಿಲ್ಲ. ಆ ಬಾಗಿಲೂ ಇಲ್ಲ.
ಉಳಿದದ್ದು ಮೂರು ಹಲ್ಲಿನ ಈ ಬಾಯಿ.

ಲಿಪಿಕಾರ ಹೋದವ್ಯಾ ಕೂಲಿಯಿಲ್ಲದೆ ಒಪ್ಪಿದ.
ಮಸಿಗೆ ದೀಪದ ಕಾಡಿಗೆ ಸಾಕು. ತೊಗಲು?
ನಾನೇನು ಧರ್ಮಾತ್ಮನಲ್ಲ. ಮೂಲೆಯಲ್ಲಿದ್ದ
ಆಡಿನದೊಂದು ಕೊಟ್ಟೆ. ಸುಲಿಯುವಾಗ ಮಗನ ಚೂರಿ ಜಾರಿ
ಬೆನ್ನಿನ ಬಳಿ ಹೆಬ್ಬೆರಳು ತೂರುವಷ್ಟು ತೂತು.
ಯಾರೂ ಕೊಳ್ಳದೆ ಉಳಿದದ್ದು.

ನನ್ನ ಕೊಟ್ಟಿಗೆಯಲ್ಲೇ ಕೂತರು.
ಅವಳು ಹೇಳುವುದು, ಅವನು ಬರೆಯುವುದು, ನಾನು ಕೆರೆಯುವುದು.
ದೇವರ ಮಾತೆಂದರೆ ಗುಡುಗಿರುತ್ತದೆ ಅಂದುಕೊಂಡಿದ್ದೆ.
ಅವಳು ನಡುನಡುವೆ ಸೀನುತ್ತ
ಸಂತೆಯ ಲೆಕ್ಕದ ಹಾಗೆ ಒಪ್ಪಿಸಿದಳು:

ಬಾವಿಯ ಹಗ್ಗವನ್ನು ಬಾಡಿಗೆಗಿಟ್ಟಿರಿ; ನೀರು ನನ್ನದು.
ವಿಧವೆಯ ಬೀಸುಕಲ್ಲು ನಿಮ್ಮ ಅಂಗಳಕ್ಕೆ ಮೆಟ್ಟಿಲಾಗಿದೆ;
ಅದರ ಮೇಲೆ ಕಾಲಿಟ್ಟು ಇಳಿದು
ನನಗೆ ಹೋರಿಯ ಕೊಬ್ಬು ತರುತ್ತೀರಿ.
ನಾನು ಹಸಿದಿದ್ದೇನೆಂದು ನಿಮಗೆ ಯಾರು ಹೇಳಿದರು?
ಅವಳು ಹಸಿದಿದ್ದಾಳೆ.
ತೊಗಲನ್ನು ನೆನೆಸಿ ತೂಗುವವನೇ,
ನೀರನ್ನು ಬೆಳ್ಳಿಗೆ ಮಾರುವವನೇ —

ಕೆರೆಯುವ ಕೈ ನಿಂತಿತು.
ಸಮಾರ್ಯದಲ್ಲೂ ಇದನ್ನು ಮಾಡುತ್ತಿದ್ದರೆ?
ನಮ್ಮಪ್ಪ ಕಲಿಸಿದ್ದು, ನಮ್ಮ ಮನೆಯ ಗುಟ್ಟೆಂದೇ ತಿಳಿದಿದ್ದೆ:
ರಾತ್ರಿ ಇಬ್ಬನಿಗೆ ಹರವಿ
ಬಿಸಿಲೇರುವ ಮುಂಚೆ ತಕ್ಕಡಿಗೆ.

ಹೋದವ್ಯಾ ತಲೆ ಕೆರೆದುಕೊಂಡ.
"ಈ ಸಾಲು ಸರಿಯಾಗಿ ತೂತಿನ ಮೇಲೇ ಬರುತ್ತದಲ್ಲ."
ಬಿಟ್ಟುಬಿಡು ಅನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು.
ಹೊಗ್ಲಾ ನನ್ನತ್ತ ನೋಡಲಿಲ್ಲ. ನೋಡಿದಳೇನೋ.
"ಸುತ್ತಿಕೊಂಡು ಬರಿ," ಎಂದಳು,
"ಹಳ್ಳ ಬಂದರೆ ಕತ್ತೆಗೂ ಗೊತ್ತು ಬಳಸಿ ನಡೆಯಲು."

ಕಡೆಯಲ್ಲಿ ಎರಡು ಮಾತು ಮೆತ್ತಗಿದ್ದವು.
ಸುಟ್ಟ ದ್ರಾಕ್ಷಿತೋಟಕ್ಕೆ ಮೊದಲು ಬರುವವನು ನಾನೇ.
ಬುಡ ಕೆದಕಿ ನೋಡುತ್ತೇನೆ. ಹಸಿಯಿದ್ದರೆ ಅಲ್ಲೇ ಕೂರುತ್ತೇನೆ.

"ಇದು ಅವನು ಹೇಳಿದ್ದೋ, ನೀನು ಸೇರಿಸಿದ್ದೋ?"
ಈರುಳ್ಳಿ ಹೆಚ್ಚಿದವಳಂತೆ ಮೊಣಕೈಯಿಂದ ಕಣ್ಣೊರೆಸಿಕೊಂಡಳು.
"ಗೊತ್ತಿಲ್ಲ ಮಗಾ. ಬರುವ ದಾರಿಯಲ್ಲೆಲ್ಲೋ
ಬಾಯಿಗೆ ಬಂತು. ಬರಿ."

ಅವಳು ಹೋಗಿ ಇಪ್ಪತ್ತು ಬೇಸಿಗೆಯಾಯಿತು.
ಮೊನ್ನೆ ಹೋದವ್ಯಾನ ಮೊಮ್ಮಗ
ಅದನ್ನೇ ಹೊಸ ತೊಗಲಿಗೆ ಇಳಿಸುತ್ತಿದ್ದ,
ನಾನೇ ಹದಮಾಡಿದ್ದು, ಎಲ್ಲೂ ಚೂರಿ ತಾಗದ್ದು.
ನಡುವೆ ಹೆಬ್ಬೆರಳಗಲ ಜಾಗ ಬಿಟ್ಟಿದ್ದ.
ಯಾಕೆಂದೆ.
"ಹಳೆಯದರಲ್ಲಿ ಹಾಗೇ ಇದೆ, ತಾತ.
ಏನೋ ಅರ್ಥವಿರಬೇಕು."

ಇರಬೇಕು ಅಂದೆ.
ಈಗ ತೊಗಲನ್ನು ಒಣಗಿಸಿಯೇ ತೂಗುತ್ತೇನೆ.
ಹೆಚ್ಚುಕಡಿಮೆ ಯಾವಾಗಲೂ.